ನಿಯಮ ಸಡಿಲವಾದರೆ ಅಪಾಯ ಜಾಸ್ತಿಯಾಗುತ್ತಾ? ಅಮೆರಿಕದಲ್ಲಿ ಸಣ್ಣ ವಿಮಾನ ಕಲಿಯಲು, ಕೊಳ್ಳಲು ಹೊರಟ ಓದುಗರಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ಡಲ್ಲಾಸ್ ಹತ್ತಿರ ಇದ್ದೇವೆ. ನನಗೆ 47 ವರ್ಷ, ಗ್ರೀನ್ ಕಾರ್ಡ್ ಇದೆ. ಬೆಳೆದದ್ದು ಯಲಹಂಕದಲ್ಲಿ. ಜಕ್ಕೂರಿನಿಂದ ಏಳುವ ಸಣ್ಣ ವಿಮಾನಗಳನ್ನು ನೋಡುತ್ತಾ ಶಾಲೆಗೆ ತಡವಾಗಿ ಹೋದವನು. ಈಗ ಕಲಿಯಬೇಕು ಅಂತ ನಿರ್ಧಾರ ಮಾಡಿದ್ದೇನೆ. ಒಂದು ಫ್ಲೈಯಿಂಗ್ ಸ್ಕೂಲಿನವರು ಪ್ರೈವೇಟ್ ಲೈಸೆನ್ಸಿಗೆ 18,000 ಡಾಲರ್ ಆಗುತ್ತೆ ಅಂದರು. ಇನ್ನೊಬ್ಬರು, 'ಮೊಸಾಯಿಕ್ ಅಂತ ಹೊಸ ನಿಯಮ ಬಂದಿದೆ, ಸ್ಪೋರ್ಟ್ ಲೈಸೆನ್ಸ್ ತಗೊಳ್ಳಿ, ಅರ್ಧ ದುಡ್ಡು ಸಾಕು, ಡ್ರೈವಿಂಗ್ ಲೈಸೆನ್ಸ್ ಇದ್ದರೆ ವೈದ್ಯಕೀಯ ಪರೀಕ್ಷೆಯೂ ಬೇಡ' ಅಂದರು. ನಾನು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ಎರಡನೆಯದು, 1974ರ ಸೆಸ್ನಾ 172 ಅನ್ನುವ ನಾಲ್ಕು ಸೀಟಿನ ವಿಮಾನ ಒಂದರಲ್ಲಿ ನಾಲ್ಕನೇ ಒಂದು ಪಾಲು 22,000 ಡಾಲರಿಗೆ ಸಿಗುತ್ತಿದೆ. ಇನ್ನೊಂದು ಕಡೆ, ನಿವೃತ್ತರೊಬ್ಬರು ತಮ್ಮ ಕೈಯಾರೆ ಕಟ್ಟಿದ ಆರ್‌ವಿ-9ಎ ಮಾರಾಟಕ್ಕಿದೆ. ಮನೆಯಲ್ಲಿ ಕಟ್ಟಿದ ವಿಮಾನ ಅಂದರೆ ಸಾವಿನ ಡಬ್ಬಿ ಅಂತ ಗೆಳೆಯರು ಹೆದರಿಸುತ್ತಾರೆ. ನನ್ನ ಹೆಂಡತಿಯ ಪ್ರಶ್ನೆ ಬೇರೆ: 'ಸರ್ಕಾರ ನಿಯಮ ಸಡಿಲ ಮಾಡಿದೆ ಅಂದರೆ ಇನ್ನೂ ಜಾಸ್ತಿ ಜನ ಸಾಯ್ತಾರೆ ಅಂತ ತಾನೇ?' ಇಬ್ಬರು ಮಕ್ಕಳಿದ್ದಾರೆ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಮನೆಯವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಿಕ್ಕ ಎರಡಕ್ಕೂ ಉತ್ತರ ಅದರಲ್ಲೇ ಇದೆ. ನಿಯಮ ಇರುವುದು ಜೀವ ಉಳಿಸಲಿಕ್ಕೆ ಅಂದಮೇಲೆ, ಅದನ್ನು ಕಡಿಮೆ ಮಾಡಿದರೆ ಜೀವ ಹೋಗುವುದು ಜಾಸ್ತಿಯಾಗಬೇಕಲ್ವಾ? ಕೇಳಲೇಬೇಕಾದ ಪ್ರಶ್ನೆ ಇದು. ನಾನು ಇಲ್ಲಿ ವಿಮಾನ ರಿಪೇರಿ ಮಾಡುತ್ತೇನೆ, ವರ್ಷದ ತಪಾಸಣೆ ಮಾಡಿ ಸಹಿ ಹಾಕುತ್ತೇನೆ, ಹಾರಾಟವನ್ನೂ ಕಲಿಸುತ್ತೇನೆ. ನಿಯಮದಿಂದ ಉಳಿದ ಜೀವಗಳನ್ನೂ ನೋಡಿದ್ದೇನೆ. ನಿಯಮದ ಖರ್ಚಿಗೆ ಹೆದರಿ ಹಾರುವುದನ್ನೇ ಕಡಿಮೆ ಮಾಡಿ, ಕೈ ಮರೆತು, ಆಮೇಲೆ ತೊಂದರೆಗೆ ಸಿಕ್ಕವರನ್ನೂ ನೋಡಿದ್ದೇನೆ.

ಮೊದಲು ಒಂದು ಸತ್ಯ ಹೇಳಿಬಿಡುತ್ತೇನೆ. ಸಣ್ಣ ವಿಮಾನ ಕಾರಿನಷ್ಟು ಸುರಕ್ಷಿತ ಅಲ್ಲ. 'ಏರ್‌ಪೋರ್ಟಿಗೆ ಕಾರಲ್ಲಿ ಹೋಗುವುದೇ ಹೆಚ್ಚು ಅಪಾಯ' ಅನ್ನುವ ಮಾತು ದೊಡ್ಡ ವಿಮಾನ ಕಂಪನಿಗಳಿಗೆ ಸರಿ, ನಮಗೆ ಸರಿಯಲ್ಲ. ಅಮೆರಿಕದಲ್ಲಿ ಜನರಲ್ ಏವಿಯೇಷನ್ ವಿಭಾಗದಲ್ಲಿ, ಅಂದರೆ ಟಿಕೆಟ್ ಮಾರುವ ವಿಮಾನ ಕಂಪನಿಗಳನ್ನೂ ಸೈನ್ಯವನ್ನೂ ಬಿಟ್ಟ ಹಾರಾಟದಲ್ಲಿ, ಸರಿಸುಮಾರು ಒಂದು ಲಕ್ಷ ಗಂಟೆ ಹಾರಾಟಕ್ಕೆ ಜೀವ ಹೋಗುವ ಅಪಘಾತ ಒಂದು ಆಗುತ್ತದೆ. ಆ ಲೆಕ್ಕದಲ್ಲಿ ಕಂಪನಿಗಳ ಜೆಟ್‌ಗಳೂ ಇವೆ. ನಿಮ್ಮಂತೆ ಸ್ವಂತಕ್ಕೆ ಹಾರಿಸುವವರದ್ದು ಮಾತ್ರ ತೆಗೆದರೆ ಅಪಾಯ ಇನ್ನೂ ಜಾಸ್ತಿ. ಗಂಟೆಗೆ 120 ಮೈಲಿ ಅಂತ ಇಟ್ಟುಕೊಂಡರೆ ಲಕ್ಷ ಗಂಟೆ ಅಂದರೆ 1.2 ಕೋಟಿ ಮೈಲಿ. ಅಂದರೆ 10 ಕೋಟಿ ಮೈಲಿಗೆ ಸುಮಾರು ಎಂಟು ಅಪಘಾತ. 2023ರಲ್ಲಿ ಅಮೆರಿಕದ ರಸ್ತೆಗಳಲ್ಲಿ 10 ಕೋಟಿ ಮೈಲಿಗೆ ಸತ್ತವರ ಪ್ರಮಾಣ 1.26. ಹೀಗಾಗಿ ಸಣ್ಣ ವಿಮಾನವನ್ನು ಕಾರಿಗಿಂತ ಮೋಟಾರ್ ಸೈಕಲ್ ಪಕ್ಕದಲ್ಲಿ ಇಟ್ಟು ನೋಡಿದರೆ ಸರಿ. ನಿಮ್ಮ ಮನೆಯವರಿಗೆ ಇದನ್ನು ಹೀಗೇ ಹೇಳಿ. ಮುಚ್ಚಿಡಬೇಡಿ.

ಆದರೆ ಆ ಅಪಾಯ ಎಲ್ಲಿಂದ ಬರುತ್ತದೆ ಅನ್ನುವುದು ಮುಖ್ಯ. ರೆಕ್ಕೆ ಮುರಿದು ಬೀಳುವುದು ಬಹಳ ಅಪರೂಪ. ಮುಕ್ಕಾಲು ಪಾಲಿನ ಆಸುಪಾಸು ಅಪಘಾತಗಳಿಗೆ ಮೂಲ ಪೈಲಟ್ ತೆಗೆದುಕೊಂಡ ನಿರ್ಧಾರ ಅಥವಾ ಪೈಲಟ್ ಕೈಚಳಕದ ಕೊರತೆ. ಇಳಿಯುವ ಮುಂಚೆ ಕೊನೆಯ ತಿರುವಿನಲ್ಲಿ ವೇಗ ಕಳೆದುಕೊಂಡು ವಿಮಾನ ಸ್ಟಾಲ್ ಆಗುವುದು, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಕುಸಿಯುವುದು. ಕಣ್ಣಿಗೆ ಕಾಣುವ ಹವಾಮಾನದಲ್ಲಿ ಮಾತ್ರ ಹಾರಬಲ್ಲವರು ಮೋಡದೊಳಗೆ ನುಗ್ಗುವುದು. ಇಂಧನ ಖಾಲಿ ಮಾಡಿಕೊಳ್ಳುವುದು. ಈ ಕೊನೆಯದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ಅಪಘಾತ ತನಿಖೆ ಮಾಡುವ ಎನ್‌ಟಿಎಸ್‌ಬಿ ಪ್ರಕಾರ 2011ರಿಂದ 2015ರವರೆಗೆ ವರ್ಷಕ್ಕೆ ಸರಾಸರಿ 50ಕ್ಕಿಂತ ಹೆಚ್ಚು ಅಪಘಾತಗಳು ಇಂಧನದ ಎಡವಟ್ಟಿನಿಂದಲೇ ಆಗಿವೆ.

ಈಗ ದುಡ್ಡಿನ ಕಡೆ ಬರೋಣ. 1956ರಲ್ಲಿ ಹೊಸ ಸೆಸ್ನಾ 172ರ ಬೆಲೆ ಒಂಬತ್ತು ಸಾವಿರ ಡಾಲರಿನ ಆಸುಪಾಸು ಇತ್ತು. ಹಣದುಬ್ಬರ ಸೇರಿಸಿದರೆ ಇವತ್ತಿನ ಲೆಕ್ಕಕ್ಕೆ ಸುಮಾರು ಒಂದು ಲಕ್ಷ ಡಾಲರ್. ಆದರೆ ಇವತ್ತು ಹೊಸ 172 ಬೇಕೆಂದರೆ ನಾಲ್ಕು ಲಕ್ಷ ಡಾಲರ್ ದಾಟುತ್ತದೆ. ಹೊಸದರಲ್ಲಿ ಒಳ್ಳೆಯ ಉಪಕರಣಗಳಿವೆ, ಗಟ್ಟಿ ಸೀಟುಗಳಿವೆ, ಒಪ್ಪುತ್ತೇನೆ. ಆದರೂ ಆಕಾರ, ವೇಗ, ಹೊರುವ ಭಾರ ಹೆಚ್ಚುಕಡಿಮೆ ಅವೇ. ಬೆಲೆ ಮಾತ್ರ ನಾಲ್ಕು ಪಟ್ಟು.

ಇದಕ್ಕೆ ಒಂದೇ ಕಾರಣ ಇಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಕಾರ್ಖಾನೆಗಳು ವರ್ಷಕ್ಕೆ ಸುಮಾರು 17,000 ಸಣ್ಣ ವಿಮಾನ ಮಾಡುತ್ತಿದ್ದವು. 1994ರ ಹೊತ್ತಿಗೆ ಅದು ಸಾವಿರಕ್ಕಿಂತ ಕೆಳಗೆ ಬಿತ್ತು. ಮೂವತ್ತು ವರ್ಷ ಹಳೆಯ ವಿಮಾನ ಬಿದ್ದರೂ ತಯಾರಕರ ಮೇಲೆ ಕೇಸು ಹಾಕಬಹುದಿತ್ತು. ಆ ವಿಮೆಯ ಖರ್ಚು ತಡೆಯಲಾರದೆ ಸೆಸ್ನಾ 1986ರಲ್ಲಿ ಸಣ್ಣ ಪಿಸ್ಟನ್ ವಿಮಾನ ತಯಾರಿಕೆಯನ್ನೇ ನಿಲ್ಲಿಸಿತು. 1994ರಲ್ಲಿ ಹೊಸ ಕಾನೂನು ಬಂದು, 18 ವರ್ಷ ದಾಟಿದ ವಿಮಾನದ ಬಗ್ಗೆ ಸಾಮಾನ್ಯವಾಗಿ ತಯಾರಕರ ಮೇಲೆ ದಾವೆ ಹೂಡುವಂತಿಲ್ಲ ಅಂತಾಯಿತು. ಎರಡು ವರ್ಷದಲ್ಲಿ ಸೆಸ್ನಾ ಮತ್ತೆ 172 ಮಾಡತೊಡಗಿತು. ಆದರೆ ಮಾರುಕಟ್ಟೆ ಅಷ್ಟರಲ್ಲಿ ಚಿಕ್ಕದಾಗಿಹೋಗಿತ್ತು. ಕೆಲವೇ ನೂರು ವಿಮಾನ ಮಾರುವಾಗ ಪ್ರಮಾಣೀಕರಣದ, ಅಂದರೆ ವಿನ್ಯಾಸ ಸುರಕ್ಷಿತ ಅಂತ ಸರ್ಕಾರಕ್ಕೆ ಸಾಬೀತು ಮಾಡಿ ಅನುಮೋದನೆ ಪಡೆಯುವ ಕೋಟಿಗಟ್ಟಲೆ ಖರ್ಚು ಒಂದೊಂದು ವಿಮಾನದ ಮೇಲೂ ಭಾರವಾಗಿ ಬೀಳುತ್ತದೆ. ಬೆಲೆ ಏರುತ್ತದೆ, ಕೊಳ್ಳುವವರು ಇನ್ನೂ ಕಡಿಮೆಯಾಗುತ್ತಾರೆ. ಹಾಗಾಗಿ ಇಲ್ಲಿನ ಒಂಟಿ ಎಂಜಿನ್ ಪಿಸ್ಟನ್ ವಿಮಾನಗಳ ಸರಾಸರಿ ವಯಸ್ಸು 40 ವರ್ಷ ದಾಟಿದೆ. ನಿಮಗೆ ಬಂದಿರುವ 1974ರ ವಿಮಾನ ಈ ಲೋಕದಲ್ಲಿ ಹಳೆಯದು ಅನ್ನಿಸಿಕೊಳ್ಳುವುದೇ ಇಲ್ಲ.

ಹಳೆಯ ವಿಮಾನಕ್ಕೆ ಹೊಸ ಉಪಕರಣ ಹಾಕುವ ಕತೆ ಕೇಳಿದರೆ ನಿಮ್ಮ ಮನೆಯವರಿಗೆ ನನ್ನ ವಾದ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮೋಡದಲ್ಲಿ ಸಿಕ್ಕಾಗ ವಿಮಾನ ಯಾವ ಕಡೆ ವಾಲಿದೆ ಅಂತ ತೋರಿಸುವ ಉಪಕರಣ ಇದೆಯಲ್ಲ, ಹಳೆಯ ಸೆಸ್ನಾದಲ್ಲಿ ಅದು ಗಾಳಿ ಎಳೆಯುವ ಪಂಪಿನಿಂದ ತಿರುಗುವ ಗೈರೋ. ಪಂಪ್ ಕೈಕೊಟ್ಟರೆ ಅದು ನಿಧಾನವಾಗಿ ಸುಳ್ಳು ತೋರಿಸಲು ಶುರು ಮಾಡುತ್ತದೆ. ಮನೆಯಲ್ಲಿ ವಿಮಾನ ಕಟ್ಟುವವರು ಬಹಳ ವರ್ಷಗಳಿಂದ ಅಗ್ಗದ, ನಂಬಬಹುದಾದ ಎಲೆಕ್ಟ್ರಾನಿಕ್ ಉಪಕರಣ ಹಾಕಿಕೊಳ್ಳುತ್ತಿದ್ದರು. ಪ್ರಮಾಣೀಕೃತ ಸೆಸ್ನಾಕ್ಕೆ ಅದೇ ಉಪಕರಣ ಹಾಕುವಂತಿರಲಿಲ್ಲ. ಹಾಕಬಹುದಾದದ್ದರ ಬೆಲೆ ಎಷ್ಟೋ ಪಟ್ಟು ಇತ್ತು. ಮಾಲೀಕರು ಏನು ಮಾಡುತ್ತಿದ್ದರು? ಹಳೇ ಗೈರೋವನ್ನೇ ಇಟ್ಟುಕೊಂಡು ಹಾರುತ್ತಿದ್ದರು. ನಾನೇ ಅಂಥವಕ್ಕೆ ಕಾನೂನಿನ ಪ್ರಕಾರ ಸರಿ ಇದೆ ಅಂತ ಸಹಿ ಹಾಕುತ್ತಿದ್ದೆ, ಇದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುತ್ತದೆ ಅಂತ ಗೊತ್ತಿದ್ದೂ. 2016ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಈ ಗಂಟು ಬಿಚ್ಚಿತು. ಹವ್ಯಾಸಿಗಳ ಸಂಘವಾದ ಇಎಎ ಮೂಲಕ ಡೈನಾನ್ ಕಂಪನಿಯ ಉಪಕರಣಕ್ಕೆ, ಅದೇ ವರ್ಷ ಗಾರ್ಮಿನ್ ಕಂಪನಿಯ ಜಿ5 ಅನ್ನುವ ಉಪಕರಣಕ್ಕೆ ಅನುಮತಿ ಸಿಕ್ಕಿತು. ಎರಡು ಸಾವಿರ ಡಾಲರ್ ಆಸುಪಾಸಿಗೆ ಒಳ್ಳೆಯ ಉಪಕರಣ ಹಳೆಯ ವಿಮಾನಕ್ಕೆ ಬಂತು. ನಿಯಮ ಸಡಿಲವಾಯಿತು, ವಿಮಾನ ಮೊದಲಿಗಿಂತ ಸುರಕ್ಷಿತವಾಯಿತು.

ವೈದ್ಯಕೀಯ ಪರೀಕ್ಷೆಯ ವಿಷಯದಲ್ಲೂ ಹೀಗೇ ಹೆದರಿದ್ದರು. 2017ರ ಮೇ 1ರಿಂದ ಬೇಸಿಕ್‌ಮೆಡ್ ಜಾರಿಗೆ ಬಂತು. ಒಮ್ಮೆ ಎಫ್‌ಎಎ ವೈದ್ಯರಿಂದ ಪಾಸಾದವರು ಆಮೇಲೆ ನಾಲ್ಕು ವರ್ಷಕ್ಕೊಮ್ಮೆ ತಮ್ಮ ಮಾಮೂಲಿ ಡಾಕ್ಟರ ಹತ್ತಿರ ತೋರಿಸಿ, ಎರಡು ವರ್ಷಕ್ಕೊಮ್ಮೆ ಆನ್‌ಲೈನ್ ಪಾಠ ಮುಗಿಸಿದರೆ ಸಾಕು ಅಂತಾಯಿತು. ಹಾರುತ್ತಾ ಹೃದಯಾಘಾತವಾಗಿ ಬೀಳುವವರು ಜಾಸ್ತಿಯಾಗುತ್ತಾರೆ ಅಂತ ಆಗ ಹಲವರು ಹೇಳಿದರು. ಎಫ್‌ಎಎ ಆಮೇಲೆ ಅಮೆರಿಕದ ಸಂಸತ್ತಿಗೆ ಕೊಟ್ಟ ವರದಿಯಲ್ಲಿ, ಹಳೆಯ ಪರೀಕ್ಷೆಯವರಿಗೂ ಬೇಸಿಕ್‌ಮೆಡ್‌ನವರಿಗೂ ಅಪಘಾತದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2024ರಲ್ಲಿ ಅದರ ಮಿತಿಯನ್ನು ಇನ್ನೂ ಹಿಗ್ಗಿಸಿದರು.

ನೀವು ಕೇಳಿದ ಮೊಸಾಯಿಕ್ ಅರ್ಥವಾಗಬೇಕಾದರೆ 2004ಕ್ಕೆ ಹೋಗಬೇಕು. ಆ ವರ್ಷ ಲೈಟ್ ಸ್ಪೋರ್ಟ್ ಅನ್ನುವ ಹೊಸ ವರ್ಗ ಬಂತು. ಎರಡೇ ಸೀಟು, ಗರಿಷ್ಠ ತೂಕ 1,320 ಪೌಂಡ್, ಸ್ಟಾಲ್ ವೇಗ, ಅಂದರೆ ವಿಮಾನ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ, 45 ನಾಟ್ (ವಿಮಾನದ ವೇಗ ಅಳೆಯುವ ಮಾನ) ಮೀರಬಾರದು. ಹಾರಿಸುವವರಿಗೆ ಡ್ರೈವಿಂಗ್ ಲೈಸೆನ್ಸೇ ವೈದ್ಯಕೀಯ ಪುರಾವೆ. ಉದ್ದೇಶ ಒಳ್ಳೆಯದಿತ್ತು. ಆದರೆ ತೂಕದ ಮಿತಿಯೇ ಸಮಸ್ಯೆಯಾಯಿತು. ಸೆಸ್ನಾ ಈ ವರ್ಗಕ್ಕೆಂದೇ ಸ್ಕೈಕ್ಯಾಚರ್ ಅನ್ನುವ ವಿಮಾನ ಮಾಡಿತು. ಟ್ಯಾಂಕ್ ತುಂಬಿಸಿದ ಮೇಲೆ ಮನುಷ್ಯರಿಗೆ ಉಳಿಯುತ್ತಿದ್ದದ್ದು ಸುಮಾರು 345 ಪೌಂಡ್. ಸ್ವಲ್ಪ ದಪ್ಪಗಿರುವ ಇಬ್ಬರು ಗಂಡಸರು ಕೂತರೆ ಮಿತಿ ದಾಟುತ್ತದೆ. 2007ರಲ್ಲಿ 1,09,500 ಡಾಲರ್ ಅಂತ ಘೋಷಿಸಿದ್ದ ಬೆಲೆ ಕೊನೆಗೆ ಒಂದೂವರೆ ಲಕ್ಷದ ಹತ್ತಿರ ಹೋಯಿತು. 200 ವಿಮಾನ ಕೂಡ ಮಾರಾಟವಾಗಲಿಲ್ಲ, ಯೋಜನೆ ನಿಂತಿತು. ತೂಕ ಉಳಿಸಬೇಕು ಅನ್ನುವ ಒತ್ತಡದಲ್ಲಿ ಗಟ್ಟಿ ಚಕ್ರದ ಕಾಲು, ಹೊಡೆತ ತಡೆಯುವ ಕ್ಯಾಬಿನ್ ಇವಕ್ಕೆಲ್ಲ ಜಾಗ ಇರುವುದಿಲ್ಲ. ಹಗುರ ವಿಮಾನ ಗಾಳಿಗೆ ಜಾಸ್ತಿ ಓಲಾಡುತ್ತದೆ, ಅದೂ ಕಲಿಯುವವರ ಕೈಯಲ್ಲಿ.

2025ರ ಜುಲೈನಲ್ಲಿ ಆಶ್ಕಾಷ್ ವಿಮಾನ ಮೇಳದಲ್ಲಿ ಪ್ರಕಟವಾದ ಮೊಸಾಯಿಕ್ ತೂಕದ ಮಿತಿಯನ್ನೇ ತೆಗೆದುಹಾಕಿ ಸ್ಟಾಲ್ ವೇಗವನ್ನು ಅಳತೆಗೋಲು ಮಾಡಿತು. ಸ್ಪೋರ್ಟ್ ಪೈಲಟ್ ಹಾರಿಸುವ ವಿಮಾನಕ್ಕೆ ಆ ಮಿತಿ 59 ನಾಟ್. ಈ ಭಾಗ 2025ರ ಅಕ್ಟೋಬರ್ 22ರಿಂದ ಜಾರಿಯಾಯಿತು. ಹೊಸ ವಿಮಾನಗಳ ಪ್ರಮಾಣೀಕರಣಕ್ಕೆ ಸಂಬಂಧಿಸಿದ ಭಾಗದ ದಿನಾಂಕ 2026ರ ಜುಲೈ 24. ಈ ಅಳತೆ ನನಗೆ ಮನಸ್ಸಿಗೆ ಒಪ್ಪುತ್ತದೆ. ಎಂಜಿನ್ ನಿಂತು ಹೊಲದಲ್ಲಿ ಇಳಿಯಬೇಕಾಗಿ ಬಂದರೆ ನಿಮ್ಮ ಮೈಮೇಲೆ ಬೀಳುವ ಹೊಡೆತದ ಶಕ್ತಿ ಇಳಿಯುವ ವೇಗವನ್ನು ಅದರಿಂದಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ. ನಿಧಾನವಾಗಿ ಇಳಿಯಬಲ್ಲ ವಿಮಾನದಲ್ಲಿ ಬದುಕುವ ಅವಕಾಶ ಜಾಸ್ತಿ. ಆದರೆ ಇದೇ ಲೆಕ್ಕ ಎಚ್ಚರಿಕೆಯನ್ನೂ ಕೊಡುತ್ತದೆ. 45ರಿಂದ 59 ನಾಟ್ ಅಂದರೆ ಆ ಶಕ್ತಿ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಹೋಗುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇಲ್ಲಿ ತುಂಬಾ ಜನರಿಗೆ ಇರುವ ತಪ್ಪು ತಿಳಿವಳಿಕೆ ಒಂದಿದೆ. ಮೊಸಾಯಿಕ್ ಬಂದಮೇಲೆ ಹಳೇ 172 ಲೈಟ್ ಸ್ಪೋರ್ಟ್ ಆಗಿಬಿಟ್ಟಿದೆ, ಇನ್ನು ಮಾಲೀಕರೇ ರಿಪೇರಿ ಮಾಡಿಕೊಳ್ಳಬಹುದು ಅಂತ. ಹಾಗಿಲ್ಲ. ಸ್ಪೋರ್ಟ್ ಪೈಲಟ್ ಅದನ್ನು ಹಾರಿಸಬಹುದು, ಅಷ್ಟೇ. ವಿಮಾನ ಮೊದಲಿದ್ದ ವರ್ಗದಲ್ಲೇ ಇದೆ. ವರ್ಷದ ತಪಾಸಣೆಗೆ ಅಧಿಕಾರ ಇರುವ ಮೆಕ್ಯಾನಿಕ್ಕೇ ಬೇಕು, ಬಿಡಿಭಾಗಕ್ಕೆ ಅನುಮೋದನೆಯ ಕಾಗದವೂ ಬೇಕು. ಎಂಜಿನ್ ಆಯಿಲ್ ಬದಲಿಸುವುದು, ಟಯರ್, ಸ್ಪಾರ್ಕ್ ಪ್ಲಗ್‌ನಂಥ ಕೆಲಸಗಳನ್ನು ಪ್ರೈವೇಟ್ ಲೈಸೆನ್ಸ್ ಇರುವ ಮಾಲೀಕರು ಮೊದಲಿಂದಲೂ ಮಾಡಿಕೊಳ್ಳಬಹುದು.

ಈಗ ನಿಮ್ಮ ವಿಷಯ. ಸ್ಪೋರ್ಟ್ ಲೈಸೆನ್ಸಿಗೆ ಕನಿಷ್ಠ 20 ಗಂಟೆ, ಪ್ರೈವೇಟಿಗೆ 40. ಕಾಗದದ ಮೇಲೆ ಅರ್ಧಕ್ಕರ್ಧ ಉಳಿತಾಯ. ಆದರೆ ಪ್ರೈವೇಟ್ ಮುಗಿಸುವ ಹೊತ್ತಿಗೆ ಹೆಚ್ಚಿನವರಿಗೆ 60-70 ಗಂಟೆ ಆಗಿರುತ್ತದೆ. ಸ್ಪೋರ್ಟ್ ಕಲಿಯುವವರೂ 20ಕ್ಕೆ ಮುಗಿಸುವುದು ಅಪರೂಪ. ಡಲ್ಲಾಸ್‌ನಂಥ ಗಿಜಿಗುಟ್ಟುವ ಆಕಾಶದಲ್ಲಿ, ಟವರ್ ಇರುವ ಏರ್‌ಪೋರ್ಟುಗಳಲ್ಲಿ ಹಾರಲು ಬೇರೆ ತರಬೇತಿ, ಬೇರೆ ಸಹಿ ಬೇಕು. ಉಳಿತಾಯ ಆಗುವುದು ನಿಜ, ಅವರು ಹೇಳಿದಷ್ಟು ಆಗುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಹೊಸ ನಿಯಮದಲ್ಲಿ ಸ್ಪೋರ್ಟ್ ಪೈಲಟ್ ನಾಲ್ಕು ಸೀಟಿನ ವಿಮಾನ ಹಾರಿಸಬಹುದು, ಆದರೆ ಒಬ್ಬರನ್ನು ಮಾತ್ರ ಕರೆದುಕೊಂಡು ಹೋಗಬಹುದು. ಹೆಂಡತಿ ಮತ್ತು ಎರಡು ಮಕ್ಕಳ ಜೊತೆ ಹಾರುವ ಆಸೆ ಇದ್ದರೆ ಸ್ಪೋರ್ಟ್ ನಿಮಗೆ ಸಾಲುವುದಿಲ್ಲ. ಇದನ್ನು ನಿಮಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ. ಇನ್ನೊಂದು, ಪ್ರೈವೇಟ್ ತರಬೇತಿಯಲ್ಲಿ ಮೂರು ಗಂಟೆ ಹೊರಗಿನ ನೋಟಕ್ಕೆ ಮರೆ ಹಾಕಿ ಉಪಕರಣ ಮಾತ್ರ ನೋಡಿ ಹಾರಿಸಬೇಕು, ಮೂರು ಗಂಟೆ ರಾತ್ರಿ ಹಾರಬೇಕು. ಮೋಡದಲ್ಲಿ ಸಿಕ್ಕು ಸತ್ತವರ ವರದಿಗಳನ್ನು ಓದಿದವನಾಗಿ, ಆ ಮರೆ ಹಾಕಿದ ಮೂರು ಗಂಟೆಯನ್ನು ನಿಮ್ಮ ತರಬೇತಿಯಿಂದ ಬಿಡಿಸಲು ನನಗೆ ಮನಸ್ಸಿಲ್ಲ. ಸ್ಪೋರ್ಟ್‌ನಿಂದ ಶುರು ಮಾಡಿ ಆಮೇಲೆ ಪ್ರೈವೇಟಿಗೆ ಹೋಗುವುದು ತಪ್ಪಲ್ಲ. ಕಲಿತ ಗಂಟೆಗಳು ಲೆಕ್ಕಕ್ಕೆ ಬರುತ್ತವೆ. ಬೇಗ ಒಂದು ಹಂತ ಮುಟ್ಟಿದರೆ ಉತ್ಸಾಹ ಉಳಿಯುತ್ತದೆ ಅನ್ನುವವರಿಗೆ ಅದು ಒಳ್ಳೆಯ ದಾರಿಯೇ.

ಆರೋಗ್ಯದ ಬಗ್ಗೆ ದಯವಿಟ್ಟು ನಿಧಾನವಾಗಿ ಓದಿ, ಇಲ್ಲಿ ಎಡವಿದರೆ ಸರಿಪಡಿಸುವುದು ಕಷ್ಟ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಹಾರುವಂತಿಲ್ಲ ಅನ್ನುವುದು ಸುಳ್ಳು. ಸಕ್ಕರೆ ಹಿಡಿತದಲ್ಲಿದ್ದು, ನಿಮ್ಮ ಡಾಕ್ಟರ ವರದಿ ಮತ್ತು ಎಚ್‌ಬಿಎ1ಸಿ (ಕೆಲವು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಫಲಿತಾಂಶ ಸರಿ ಇದ್ದರೆ ಎಫ್‌ಎಎ ವಿಶೇಷ ಅನುಮತಿ ಕೊಡುತ್ತದೆ. ಕಾಗದಪತ್ರಕ್ಕೆ ಸಮಯ ಹಿಡಿಯುತ್ತದೆ, ಆದರೆ ಅದು ದಿನನಿತ್ಯ ಆಗುವ ಕೆಲಸ. ಒಮ್ಮೆ ಸಿಕ್ಕಿದ ಮೇಲೆ ಬೇಸಿಕ್‌ಮೆಡ್‌ಗೆ ಬದಲಾಯಿಸಿಕೊಳ್ಳಬಹುದು. ಬೇಸಿಕ್‌ಮೆಡ್‌ನಲ್ಲಿ ಮತ್ತೆ ವಿಶೇಷ ಅನುಮತಿ ಬೇಕಾಗುವುದು ಕೆಲವು ಹೃದಯ, ನರ ಮತ್ತು ಮಾನಸಿಕ ಕಾಯಿಲೆಗಳಿಗೆ. ಸಕ್ಕರೆ ಕಾಯಿಲೆ ಆ ಪಟ್ಟಿಯಲ್ಲಿಲ್ಲ.

ಬಲೆ ಇರುವುದು ಬೇರೆ ಕಡೆ. ವೈದ್ಯಕೀಯ ಅರ್ಜಿ ಹಾಕಿ ಅದು ತಿರಸ್ಕಾರವಾದರೆ, ಡ್ರೈವಿಂಗ್ ಲೈಸೆನ್ಸ್ ತೋರಿಸಿ ಸ್ಪೋರ್ಟ್ ಹಾರಿಸುವ ದಾರಿಯೂ ಮುಚ್ಚಿಹೋಗುತ್ತದೆ. ಬೇಸಿಕ್‌ಮೆಡ್ ಕೂಡ ಸಿಗುವುದಿಲ್ಲ. ಅರ್ಜಿಯನ್ನೇ ಹಾಕದವರಿಗೆ ಸ್ಪೋರ್ಟ್ ದಾರಿ ತೆರೆದಿರುತ್ತದೆ. ವಿಚಿತ್ರ ನಿಯಮ, ಆದರೆ ಇರುವುದು ಹಾಗೆ. ಅದಕ್ಕೇ ಆನ್‌ಲೈನ್ ಅರ್ಜಿ ತುಂಬುವ ಮೊದಲು ಎಫ್‌ಎಎ ಮಾನ್ಯತೆ ಇರುವ ವೈದ್ಯರ ಹತ್ತಿರ ಸುಮ್ನೆ ಸಲಹೆಗೆ ಅಂತ ಹೋಗಿ. 'ಇದು ಪರೀಕ್ಷೆ ಅಲ್ಲ, ಸಲಹೆ ಮಾತ್ರ' ಅಂತ ಮೊದಲೇ ಹೇಳಿ. ಎಲ್ಲ ಕಾಗದ ಕೈಯಲ್ಲಿ ಸೇರಿದ ಮೇಲೆ ಅರ್ಜಿ ಹಾಕಿ. ಯಾವ ಕಾಯಿಲೆಯನ್ನೂ, ಮಾತ್ರೆಯನ್ನೂ ಮುಚ್ಚಿಡಬೇಡಿ. ಅದು ಅಪರಾಧ. ಮತ್ತೆ, ಸ್ಪೋರ್ಟ್ ಆಗಲಿ ಪ್ರೈವೇಟ್ ಆಗಲಿ, ಆ ದಿನ ತಲೆ ಸುತ್ತುತ್ತಿದೆ, ಸಕ್ಕರೆ ಇಳಿದಿದೆ ಅನ್ನಿಸಿದರೆ ಹಾರುವಂತಿಲ್ಲ. ಆ ನಿಯಮಕ್ಕೆ ಕಾವಲು ಕಾಯುವವರು ನೀವೊಬ್ಬರೇ.

ಗ್ರೀನ್ ಕಾರ್ಡ್ ಇದ್ದರೂ ನೀವು ಅಮೆರಿಕದ ಪ್ರಜೆ ಅಲ್ಲದ ಕಾರಣ ತರಬೇತಿ ಶುರುವಾಗುವ ಮೊದಲು ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆಯಾದ ಟಿಎಸ್‌ಎ ಭದ್ರತಾ ಪರಿಶೀಲನೆ ಆಗಬೇಕು. ಈಗಲೇ ಅದಕ್ಕೆ ಹಾಕಿ. ವಿಮಾನವನ್ನು ನಿಮ್ಮ ಹೆಸರಿನಲ್ಲಿ ನೋಂದಾಯಿಸಲು ಗ್ರೀನ್ ಕಾರ್ಡ್ ಸಾಕು.

ಇನ್ನು 172 ಒಳ್ಳೆಯದೋ ಆರ್‌ವಿ-9ಎ ಒಳ್ಳೆಯದೋ. 'ಸಾವಿನ ಡಬ್ಬಿ' ಅನ್ನುವ ಮಾತು ಆರ್‌ವಿಗೆ ಅನ್ಯಾಯ. ವ್ಯಾನ್ಸ್ ಕಂಪನಿಯ ಕಿಟ್‌ಗಳಿಂದ ಕಟ್ಟಿದ ವಿಮಾನಗಳು ಹತ್ತು ಸಾವಿರಕ್ಕೂ ಹೆಚ್ಚು ಹಾರಿವೆ. 9ಎ ಅವುಗಳಲ್ಲಿ ಸೌಮ್ಯ ಸ್ವಭಾವದ್ದು, ನಿಧಾನವಾಗಿ ಇಳಿಯುತ್ತದೆ. ಆದರೆ 2012ರಲ್ಲಿ ಎನ್‌ಟಿಎಸ್‌ಬಿ ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳನ್ನು ಅಧ್ಯಯನ ಮಾಡಿದಾಗ, 2011ರಲ್ಲಿ ಅಪಘಾತಕ್ಕೆ ಸಿಕ್ಕವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೇರೆಯವರು ಕಟ್ಟಿದ್ದನ್ನು ಸೆಕೆಂಡ್ ಹ್ಯಾಂಡ್ ಕೊಂಡವು. ನೀವು ಸೇರುವುದು ಆ ಗುಂಪಿಗೇ. ಕಟ್ಟಿದವರಿಗೆ ಪ್ರತಿ ಪೈಪು, ಪ್ರತಿ ವೈರು ಗೊತ್ತಿರುತ್ತದೆ. ಕೊಂಡವರಿಗೆ ಗೊತ್ತಿರುವುದಿಲ್ಲ. ಎರಡು ಆರ್‌ವಿಗಳಲ್ಲಿ ಇಂಧನದ ಪೈಪು ಒಂದೇ ರೀತಿ ಹೋಗಿರಬೇಕು ಅಂತೇನೂ ಇಲ್ಲ. ಕಟ್ಟಿದವರಿಗೆ ವರ್ಷದ ತಪಾಸಣೆ ತಾವೇ ಮಾಡುವ ಪ್ರಮಾಣಪತ್ರ ಇರಬಹುದು, ವಿಮಾನ ಮಾರಿದಾಗ ಅದು ನಿಮಗೆ ಬರುವುದಿಲ್ಲ. ಮುಂದಿನ ಚಕ್ರದ ಕಾಲು ನಾಜೂಕು, ಕಲಿಯುವವರ ಹೊಡೆತಕ್ಕೆ ಹೇಳಿ ಮಾಡಿಸಿದ್ದಲ್ಲ. ಮತ್ತೆ ಸೀಟು ಎರಡೇ. ಇನ್ನೂರು ಗಂಟೆ ಹಾರಿದ ಮೇಲೆ ಇದೇ ಪ್ರಶ್ನೆ ಕೇಳಿದ್ದರೆ ನಾನು ಖುಷಿಯಿಂದ ಆರ್‌ವಿ ತಗೊಳ್ಳಿ ಅನ್ನುತ್ತಿದ್ದೆ. ಈಗ ಬೇಡ.

172ರ ಪಾಲು ನಿಮ್ಮ ಈಗಿನ ಹಂತಕ್ಕೆ ಹೊಂದುತ್ತದೆ, ವಿಮಾನ ಚೆನ್ನಾಗಿದ್ದರೆ. ಅದಕ್ಕೆ ಲೆಕ್ಕ ಹೇಳುತ್ತೇನೆ. ನಿಲ್ಲಿಸುವ ಜಾಗ, ವಿಮೆ, ವರ್ಷದ ತಪಾಸಣೆ ಎಲ್ಲ ಸೇರಿ ವರ್ಷಕ್ಕೆ 9,000 ಡಾಲರ್ ಅಂತ ಇಟ್ಟುಕೊಳ್ಳಿ. ಒಬ್ಬರೇ ಮಾಲೀಕರಾಗಿ ವರ್ಷಕ್ಕೆ 30 ಗಂಟೆ ಹಾರಿದರೆ ಪ್ರತಿ ಗಂಟೆಗೆ 300 ಡಾಲರ್ ಬರೀ ಇಟ್ಟುಕೊಂಡ ಖರ್ಚು. ನಾಲ್ವರು ತಲಾ 30 ಗಂಟೆ ಹಾರಿದರೆ ಅದು 75. ಗಂಟೆಗೆ ಎಂಟೊಂಬತ್ತು ಗ್ಯಾಲನ್ ಇಂಧನಕ್ಕೆ 55 ಡಾಲರ್. ಎಂಜಿನ್ ಓವರ್‌ಹಾಲ್ (ಪೂರ್ತಿ ಬಿಚ್ಚಿ ಸರಿಮಾಡಿ ಜೋಡಿಸುವುದು) ಇವತ್ತು 40,000 ಡಾಲರ್ ಹತ್ತಿರ, 2,000 ಗಂಟೆಗೆ ಹಂಚಿದರೆ ಗಂಟೆಗೆ 20. ಎಲ್ಲ ಸೇರಿ 150. ಮೇಲೆ ರಿಪೇರಿ ಬಂದೇ ಬರುತ್ತದೆ, ಅದಕ್ಕೂ ಸ್ವಲ್ಪ ಎತ್ತಿಡಿ. ಸಣ್ಣ ವಿಮಾನ ದುಬಾರಿಯಾಗುವುದು ಹಾರಿದಾಗಿನ ಖರ್ಚಿನಿಂದ ಅಂತ ಜನ ಅಂದುಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚಾಗಿ ಅದು ಸುಮ್ಮನೆ ನಿಂತಾಗಿನ ಖರ್ಚಿನಿಂದ ದುಬಾರಿ.

ನಿಲ್ಲುವುದು ಎಂಜಿನ್‌ಗೂ ಒಳ್ಳೆಯದಲ್ಲ. 172ರಲ್ಲಿರುವ ಈ ಲೈಕಮಿಂಗ್ ಕಂಪನಿಯ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಮೇಲುಗಡೆ ಇದೆ. ವಾರಗಟ್ಟಲೆ ನಿಂತರೆ ಎಣ್ಣೆ ಕೆಳಗೆ ಇಳಿದು, ತೇವಕ್ಕೆ ಅಲ್ಲಿ ತುಕ್ಕು ಹಿಡಿಯುತ್ತದೆ. ವರ್ಷಕ್ಕೆ ನೂರು ಗಂಟೆ ಓಡಿ 1,700 ಗಂಟೆ ಆಗಿರುವ ಎಂಜಿನ್‌ಗೆ ನಾನು ಹೆದರುವುದಿಲ್ಲ. ಇಪ್ಪತ್ತು ವರ್ಷದಲ್ಲಿ 300 ಗಂಟೆ ಮಾತ್ರ ಓಡಿದ, ಮಾರುವವರು 'ಹೊಸದರಂತಿದೆ' ಅನ್ನುವ ಎಂಜಿನ್‌ಗೆ ಹೆದರುತ್ತೇನೆ. ಕೊಳ್ಳುವ ಮುಂಚೆ ಆ ವಿಮಾನವನ್ನು ಹಿಂದೆಂದೂ ಮುಟ್ಟದ ಮೆಕ್ಯಾನಿಕ್‌ನಿಂದ ತಪಾಸಣೆ ಮಾಡಿಸಿ. ಲಾಗ್ ಪುಸ್ತಕಗಳನ್ನು ಮೊದಲ ದಿನದಿಂದ ಓದಿಸಿ. ಸೆಸ್ನಾ ಸೀಟಿನ ಹಳಿ ಸವೆದು, ಮೇಲೇಳುವಾಗ ಸೀಟು ಹಿಂದಕ್ಕೆ ಜಾರಿದ ಅಪಘಾತಗಳಾಗಿವೆ. ಅದರ ಕಡ್ಡಾಯ ತಪಾಸಣೆ ಆಗಿದೆಯಾ ನೋಡಿ. ತಪಾಸಣೆಗೆ ಕೊಡುವ ಸಾವಿರ ಡಾಲರಿಗೆ ಹಿಂದೆಮುಂದೆ ನೋಡಬೇಡಿ.

ಭುಜದ ಬೆಲ್ಟ್ ವಿಷಯ ನನಗೆ ಹೊಟ್ಟೆ ಉರಿಯುವಂಥದ್ದು. ಮುಂದಿನ ಸೀಟಿಗೆ ಭುಜದ ಬೆಲ್ಟ್ ಕಡ್ಡಾಯ ಆಗಿರುವುದು 1978ರ ಜುಲೈ 18ರ ನಂತರ ತಯಾರಾದ ಸಣ್ಣ ವಿಮಾನಗಳಿಗೆ. ಅದಕ್ಕೂ ಹಳೆಯವು ಸೊಂಟದ ಪಟ್ಟಿಯಲ್ಲೇ ಹಾರಬಹುದು. ಎನ್‌ಟಿಎಸ್‌ಬಿ 1985ರಲ್ಲೇ ಹೇಳಿದೆ, ಸತ್ತವರಲ್ಲಿ ಐದರಲ್ಲಿ ಒಬ್ಬರು ಭುಜದ ಬೆಲ್ಟ್ ಇದ್ದಿದ್ದರೆ ಬದುಕುತ್ತಿದ್ದರು ಅಂತ. ಕೆಲವು ನೂರು, ಹೆಚ್ಚೆಂದರೆ ಒಂದೆರಡು ಸಾವಿರ ಡಾಲರ್ ಕೆಲಸ. ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಯಂತ್ರದ್ದೂ ಅದೇ ಕತೆ. ಈ ವಿಮಾನಗಳ ಹೀಟರ್ ಎಂಜಿನ್ನಿನ ಹೊಗೆ ಕೊಳವೆಯ ಸುತ್ತ ಗಾಳಿ ಹಾಯಿಸಿ ಬಿಸಿ ಮಾಡುತ್ತದೆ. ಕೊಳವೆ ಬಿರುಕು ಬಿಟ್ಟರೆ ವಿಷ ಕ್ಯಾಬಿನ್ನಿಗೆ ಬರುತ್ತದೆ, ವಾಸನೆ ಇರುವುದಿಲ್ಲ. 1982ರಿಂದ 2020ರವರೆಗೆ ಹೀಗೆ 42 ಜನ ಸತ್ತಿದ್ದಾರೆ. ಎನ್‌ಟಿಎಸ್‌ಬಿ 2004ರಲ್ಲಿ ಕೇಳಿತು, 2022ರಲ್ಲಿ ಮತ್ತೆ ಕೇಳಿತು, ಇದನ್ನು ಕಡ್ಡಾಯ ಮಾಡಿ ಅಂತ. ಉಳಿದ ಕಡೆ ನಿಯಮ ಸಡಿಲ ಮಾಡಿ ಅನ್ನುವ ನಾನು ಇವೆರಡು ಕಡೆ ಮಾತ್ರ ಬಿಗಿ ಮಾಡಿ ಅನ್ನುತ್ತೇನೆ. ನೀವು ಕಾಯಬೇಡಿ, ಪಾಲುದಾರರ ಜೊತೆ ಮಾತಾಡಿ ಎರಡನ್ನೂ ಹಾಕಿಸಿ.

ಸಡಿಲ ಮಾಡಬೇಕಾದದ್ದೂ ಇನ್ನೂ ಉಳಿದಿದೆ. ಕೆನಡಾದಲ್ಲಿ ಹಳೆಯ ಸರಳ ವಿಮಾನವನ್ನು ಮಾಲೀಕರೇ ನೋಡಿಕೊಳ್ಳುವ ಒಂದು ವರ್ಗ ಇದೆ. ಅಮೆರಿಕದಲ್ಲೂ ಅಂಥದ್ದು ಬೇಕು ಅಂತ 2013ರಲ್ಲಿ ಎಫ್‌ಎಎ ನೇಮಿಸಿದ ಸಮಿತಿಯೇ ಸಲಹೆ ಕೊಟ್ಟಿತ್ತು, ಎಫ್‌ಎಎ ತೆಗೆದುಕೊಳ್ಳಲಿಲ್ಲ. ಬಾಡಿಗೆಗೆ ಬಿಡದ, ಸ್ವಂತಕ್ಕೆ ಮಾತ್ರ ಹಾರಿಸುವ ವಿಮಾನಕ್ಕೆ ವರ್ಷಕ್ಕೊಮ್ಮೆ ಮೆಕ್ಯಾನಿಕ್ ಕಣ್ಣು ಹಾಯಿಸುವ ಷರತ್ತಿನೊಂದಿಗೆ ಇದನ್ನು ತರಬಹುದು ಅಂತ ನನ್ನ ಅಭಿಪ್ರಾಯ. ನನ್ನ ಕಸುಬಿನವರಲ್ಲಿ ಕೆಲವರು ಇದಕ್ಕೆ ಒಪ್ಪುವುದಿಲ್ಲ. ಮಾಲೀಕರು ತಮಗೆ ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕುತ್ತಾರೆ ಅನ್ನುವ ಅವರ ಭಯದಲ್ಲಿ ನಿಜ ಇದೆ.

ಕೊನೆಯದಾಗಿ, ನಿಯಮ ಮುಟ್ಟಲಾರದ ಭಾಗ. ಸಿರಸ್ ಕಂಪನಿ 1999ರಿಂದ ಇಡೀ ವಿಮಾನಕ್ಕೇ ಪ್ಯಾರಾಚೂಟ್ ಹಾಕಿ ಮಾರುತ್ತಿದೆ. ಇಷ್ಟಿದ್ದರೂ ಮೊದಲ ವರ್ಷಗಳಲ್ಲಿ ಅದರ ಅಪಘಾತದ ದಾಖಲೆ ಬೇರೆಯವಕ್ಕಿಂತ ಚೆನ್ನಾಗಿರಲಿಲ್ಲ. ಪೈಲಟ್‌ಗಳು ಪ್ಯಾರಾಚೂಟ್ ಎಳೆಯದೆಯೇ ಸಾಯುತ್ತಿದ್ದರು. ಕಂಪನಿ ಮತ್ತು ಮಾಲೀಕರ ಸಂಘ ಸೇರಿ ತರಬೇತಿಯನ್ನು ಬದಲಿಸಿ, ಯಾವಾಗ ಎಳೆಯಬೇಕು ಅಂತ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದ ಮೇಲೆ ಸಾವು ಇಳಿಯಿತು.

ನಿಮ್ಮ ವಿಷಯದಲ್ಲೂ ಅಷ್ಟೇ. ಕಾನೂನಿನ ಪ್ರಕಾರ 90 ದಿನದಲ್ಲಿ ಮೂರು ಸಲ ಏರಿ ಇಳಿದಿದ್ದರೆ ಮಕ್ಕಳನ್ನು ಕೂರಿಸಿಕೊಳ್ಳಬಹುದು. ಎರಡು ವರ್ಷಕ್ಕೊಮ್ಮೆ ಬೋಧಕರ ಜೊತೆ ಒಂದು ಗಂಟೆ ನೆಲದ ಪಾಠ, ಒಂದು ಗಂಟೆ ಹಾರಾಟ ಸಾಕು. ನನ್ನ ಪ್ರಕಾರ ಇದು ತೀರಾ ಕಡಿಮೆ. ತಿಂಗಳಿಗೆ ಮೂರು ಗಂಟೆಯಾದರೂ ಹಾರಿ. ಆರು ತಿಂಗಳಿಗೊಮ್ಮೆ ಬೋಧಕರನ್ನು ಕರೆದು ಸ್ಟಾಲ್, ಎಂಜಿನ್ ನಿಂತಾಗ ಇಳಿಯುವುದು, ಅಡ್ಡಗಾಳಿ ಇವನ್ನು ಮತ್ತೆ ಮಾಡಿ. ಅಗ್ಗದ ನಿಯಮಗಳಿಂದ ಉಳಿದ ದುಡ್ಡನ್ನು ಇದಕ್ಕೆ ಹಾಕಿ. ಹಾಗೆ ಹಾರಲು ವರ್ಷಕ್ಕೆ ಐದಾರು ಸಾವಿರ ಡಾಲರ್ ಬೇಕು. ಅಷ್ಟು ಎತ್ತಿಡಲು ಆಗದ ವರ್ಷ ಪಾಲು ಕೊಳ್ಳಬೇಡಿ, ಬಾಡಿಗೆ ವಿಮಾನದಲ್ಲಿ ಬೋಧಕರ ಜೊತೆ ಹಾರಿ.

ನಿಮ್ಮ ಮನೆಯವರನ್ನೂ ಆ 172 ನೋಡಲು ಕರೆದುಕೊಂಡು ಹೋಗಿ. ಉಳಿದ ಮೂವರು ಪಾಲುದಾರರು ಕಳೆದ ವರ್ಷ ತಲಾ ಎಷ್ಟು ಗಂಟೆ ಹಾರಿದರು, ಯಾರ ಹತ್ತಿರ ಮರು ತರಬೇತಿ ಮಾಡಿಸಿಕೊಂಡರು ಅಂತ ಅವರೇ ಕೇಳಲಿ. ಜೊತೆಗೆ ಪಕ್ಕದ ಸೀಟಿನವರಿಗೆಂದೇ ಇರುವ ಪಾಠವನ್ನು ಹತ್ತಿರದ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕೇಳಿ ನೋಡಿ. ರೇಡಿಯೋದಲ್ಲಿ ಸಹಾಯ ಕೇಳುವುದು, ವಿಮಾನವನ್ನು ಮಟ್ಟಸವಾಗಿ ಹಿಡಿದು ರನ್‌ವೇವರೆಗೆ ತರುವುದು ಅದರಲ್ಲಿ ಹೇಳಿಕೊಡುತ್ತಾರೆ. ನಿಮ್ಮ ಲೈಸೆನ್ಸ್ ಬರುವ ಮೊದಲೇ ಅವರು ಅದನ್ನು ಮುಗಿಸಬಹುದು.